ಮಿಷಿಗನ್‌ನಲ್ಲಿ ಹೈಸ್ಕೂಲ್ ಮಕ್ಕಳ ಆನ್‌ಲೈನ್ ಕೋರ್ಸ್: ಕೌನ್ಸೆಲರ್ ಒಪ್ಪಿಗೆಯಿಂದ ಟ್ರಾನ್ಸ್‌ಕ್ರಿಪ್ಟ್‌ವರೆಗೆ

ನೋವೈ, ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ಕನ್ನಡದ ಮನೆಗಳಲ್ಲಿ ಪ್ರತಿ ಚಳಿಗಾಲವೂ ಇದೇ ಚರ್ಚೆ. ಮಗಳಿಗೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಕಂಪ್ಯೂಟರ್ ಸೈನ್ಸ್ ಬೇಕು, ಆದರೆ ಆ ಗಂಟೆಯಲ್ಲೇ ಆರ್ಕೆಸ್ಟ್ರಾ ಇದೆ. ಮಗನಿಗೆ ಬೇಸಿಗೆಯಲ್ಲೇ ಜಾಮೆಟ್ರಿ ಮುಗಿಸಿ ಗಣಿತದಲ್ಲಿ ಒಂದು ಮೆಟ್ಟಿಲು ಮುಂದೆ ಹೋಗಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ಕೋರ್ಸುಗಳಿಗೆ ಬರವಿಲ್ಲ. ಕಾರ್ಡ್ ನಂಬರ್ ಕೊಟ್ಟರೆ ಅದೇ ದಿನ ಪಾಠ ಶುರು. ನಾಲ್ಕು ತಿಂಗಳ ನಂತರ ಸರ್ಟಿಫಿಕೇಟ್ ಹಿಡಿದು ಶಾಲೆಗೆ ಹೋದಾಗ ಮಾತ್ರ ಕೋರ್ಸ್ ಆಯ್ಕೆಗೆ ಮಾರ್ಗದರ್ಶನ ಮಾಡುವ ಶಾಲೆಯ ಕೌನ್ಸೆಲರ್ ತಲೆಯಾಡಿಸಿಬಿಡುತ್ತಾರೆ: ಇದಕ್ಕೆ ಕ್ರೆಡಿಟ್ (ಹೈಸ್ಕೂಲ್ ಮುಗಿಸಲು ಲೆಕ್ಕಕ್ಕೆ ಬರುವ ಮಾನ್ಯತೆ) ಕೊಡಲು ಬರುವುದಿಲ್ಲ.

ಇದು ಕೌನ್ಸೆಲರ್ ಬೇಕೆಂದೇ ಮಾಡುವ ತೊಂದರೆಯಲ್ಲ. ಕ್ರೆಡಿಟ್ ಕೊಡುವುದು ಕೋರ್ಸ್ ಮಾರುವವರಲ್ಲ, ಮಗು ಓದುತ್ತಿರುವ ಶಾಲಾ ಜಿಲ್ಲೆ. ಈ ಜಿಲ್ಲೆ ನಮ್ಮ ಕರ್ನಾಟಕದ ಕಂದಾಯ ಜಿಲ್ಲೆಯಂಥದ್ದಲ್ಲ. ಊರಿನ ಜನರೇ ಆರಿಸಿದ ಮಂಡಳಿ ನಡೆಸುವ, ತನ್ನದೇ ಕೈಪಿಡಿ, ತನ್ನದೇ ನಿಯಮ ಇರುವ ಸಂಸ್ಥೆ ಅದು. ಹಾಗಾಗಿ ಕ್ರಮ ಯಾವತ್ತೂ ಒಂದೇ: ಮೊದಲು ಶಾಲೆಯ ಒಪ್ಪಿಗೆ, ಆಮೇಲೆ ನೋಂದಣಿ, ಕೊನೆಗೆ ದುಡ್ಡು. ಈ ಕ್ರಮ ತಲೆಕೆಳಗಾದ ಕಡೆಯಲ್ಲೇ ಹೆಚ್ಚಿನ ಮನೆಗಳು ಹಣವನ್ನೂ ಮಗುವಿನ ಶ್ರಮವನ್ನೂ ಕಳೆದುಕೊಳ್ಳುತ್ತವೆ.

ಕಾನೂನು ಏನು ಕೊಟ್ಟಿದೆ

ಸರ್ಕಾರಿ ಶಾಲೆಯ ಮಕ್ಕಳ ಮಟ್ಟಿಗೆ ಮಿಷಿಗನ್ ಉದಾರ ರಾಜ್ಯ. 2006ರಲ್ಲೇ ಹೈಸ್ಕೂಲ್ ಪದವಿಯ (ಡಿಪ್ಲೊಮಾ) ಅರ್ಹತೆಗಳಲ್ಲಿ ಆನ್‌ಲೈನ್ ಕಲಿಕೆಯ ಅನುಭವವನ್ನೂ ಸೇರಿಸಿತು. ರಾಜ್ಯದ ಶಾಲಾ ಅನುದಾನ ಕಾಯ್ದೆಯ 21ಎಫ್ ಕಲಮಿನ ಪ್ರಕಾರ ವಿದ್ಯಾರ್ಥಿಯೊಬ್ಬ ಒಂದು ಅವಧಿಯಲ್ಲಿ, ಅಂದರೆ ಸೆಮಿಸ್ಟರ್ ಅಥವಾ ಟ್ರೈಮೆಸ್ಟರಿನಲ್ಲಿ, ಎರಡು ಆನ್‌ಲೈನ್ ಕೋರ್ಸ್ ಕೇಳಬಹುದು. ಅದರ ಖರ್ಚು ಶಾಲಾ ಜಿಲ್ಲೆಯದು. ಎರಡಕ್ಕಿಂತ ಹೆಚ್ಚು ಬೇಕೆಂದರೆ ಅದು ಮಗುವಿಗೆ ಒಳಿತೆಂದು ಜಿಲ್ಲೆಗೆ ಅನ್ನಿಸಬೇಕು, ಮಗು ಒಪ್ಪಬೇಕು, ಇಬ್ಬರೂ ಕೂತು ಶೈಕ್ಷಣಿಕ ಯೋಜನೆಯೊಂದನ್ನು ಬರೆಯಬೇಕು. 18 ತುಂಬದ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಸಮ್ಮತಿ ಕಡ್ಡಾಯ.

ಖರ್ಚಿಗೆ ಮಿತಿಯಿದೆ. ಪ್ರತಿ ವಿದ್ಯಾರ್ಥಿಗೆ ರಾಜ್ಯ ನಿಗದಿ ಮಾಡುವ ಮೂಲ ಅನುದಾನದ ಶೇ. 6.67ರಷ್ಟನ್ನು ಮಾತ್ರ ಜಿಲ್ಲೆ ಒಂದು ಕೋರ್ಸಿಗೆ ಕೊಡಬೇಕು. 2023-24ರಲ್ಲಿ ಆ ಅನುದಾನ 9,608 ಡಾಲರ್ ಇತ್ತು, ಆದ್ದರಿಂದ ಮಿತಿ ಸುಮಾರು 640 ಡಾಲರ್. ಕೋರ್ಸ್ ಅದಕ್ಕಿಂತ ದುಬಾರಿಯಾದರೆ ವ್ಯತ್ಯಾಸದ ಹಣ ಮನೆಯವರು ಕಟ್ಟಲು ಒಪ್ಪಿದರಾಯಿತು, ಬಾಗಿಲು ಮುಚ್ಚುವುದಿಲ್ಲ.

ಈ ಹಕ್ಕು ದಿನದ ಸಾಮಾನ್ಯ ವೇಳಾಪಟ್ಟಿಯೊಳಗಿನ ಕೋರ್ಸಿಗೆ. ಆರು ಗಂಟೆಗಳ ಪಾಠದಲ್ಲಿ ಒಂದನ್ನು ಬಿಟ್ಟು ಅದರ ಜಾಗದಲ್ಲಿ ಆನ್‌ಲೈನ್ ತೆಗೆದುಕೊಳ್ಳುವುದು ಇದರಡಿ ಬರುತ್ತದೆ. ಆರರ ಮೇಲೆ ಏಳನೆಯದು, ಅಥವಾ ಬೇಸಿಗೆ ರಜೆಯದು ಬೇಕೆಂದರೆ ಸಾಮಾನ್ಯವಾಗಿ ನಿಮ್ಮ ಜೇಬಿನಿಂದಲೇ. ‘ಉಚಿತ ಎಂದಿರಲ್ಲ’ ಎಂದು ಜೂನ್ ತಿಂಗಳಲ್ಲಿ ಜಗಳವಾಡುವ ಮೊದಲು ಇದನ್ನು ತಿಳಿದಿರಿ.

ಮೊದಲ ಹೆಜ್ಜೆ: ಮಗುವಿನ 18 ಕ್ರೆಡಿಟ್ ಹಾಳೆಯ ಮೇಲೆ ಬರೆಯಿರಿ

ರಾಜ್ಯ ಕೇಳುವ ಕನಿಷ್ಠ ಲೆಕ್ಕ ಹೀಗಿದೆ: ಇಂಗ್ಲಿಷ್ 4, ಗಣಿತ 4, ವಿಜ್ಞಾನ 3, ಸಮಾಜ ವಿಜ್ಞಾನ 3, ಬೇರೊಂದು ಭಾಷೆ 2, ದೈಹಿಕ ಶಿಕ್ಷಣ ಮತ್ತು ಆರೋಗ್ಯ 1, ಕಲೆ 1. ಜಿಲ್ಲೆಗಳು ಇದರ ಮೇಲೆ ತಮ್ಮದೂ ಸೇರಿಸಿ ಹೆಚ್ಚು ಕೇಳುತ್ತವೆ. 2028ರಲ್ಲಿ ಪದವಿ ಪಡೆಯುವ ತಂಡದಿಂದ ಅರ್ಧ ಕ್ರೆಡಿಟಿನಷ್ಟು ವೈಯಕ್ತಿಕ ಹಣಕಾಸಿನ ಪಾಠವೂ ಬೇಕು. ಸಾಮಾನ್ಯವಾಗಿ ಒಂದು ಸೆಮಿಸ್ಟರಿನ ಕೋರ್ಸ್ ಎಂದರೆ ಅರ್ಧ ಕ್ರೆಡಿಟ್. ಮಗು ಆರಿಸಿದ ಆನ್‌ಲೈನ್ ಕೋರ್ಸ್ ಈ ಪಟ್ಟಿಯ ಯಾವ ಸಾಲಿನಲ್ಲಿ ಕೂರುತ್ತದೆ ಎನ್ನುವುದು ಮೊದಲ ಪ್ರಶ್ನೆ. ‘ಫೊರೆನ್ಸಿಕ್ ಸೈನ್ಸ್’ ಎಂಬ ಹೆಸರಿದ್ದ ಮಾತ್ರಕ್ಕೆ ವಿಜ್ಞಾನದ ಸಾಲಿಗೆ ಸೇರುತ್ತದೆ ಎಂದೇನಿಲ್ಲ. ಎಷ್ಟೋ ಜಿಲ್ಲೆಗಳು ಅಂಥದ್ದನ್ನು ಐಚ್ಛಿಕದಲ್ಲಿ ಹಾಕುತ್ತವೆ.

ಗಣಿತದ ವಿಷಯದಲ್ಲಿ ನಮ್ಮವರು ಅವಸರ ಮಾಡುವುದು ಹೆಚ್ಚು. ಅವರಿಗೆ ಎರಡು ಮಾತು. ಒಂದು, ನಾಲ್ಕು ಕ್ರೆಡಿಟ್ ಬೇಗ ಮುಗಿಸಿದರೂ ಕೊನೆಯ ವರ್ಷದಲ್ಲಿ ಗಣಿತ ಅಥವಾ ಗಣಿತಕ್ಕೆ ಸಂಬಂಧಿಸಿದ ಒಂದು ಕೋರ್ಸ್ ಇರಲೇಬೇಕು. 11ನೇ ತರಗತಿಗೇ ಕ್ಯಾಲ್ಕುಲಸ್ ಮುಗಿಸಿದ ಹುಡುಗ 12ರಲ್ಲಿ ಏನು ಓದುತ್ತಾನೆ ಎಂದು ಈಗಲೇ ಕೇಳಿಕೊಳ್ಳಿ. ಎರಡು, ಬೇಸಿಗೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ‘ಟೆಸ್ಟ್ ಔಟ್’ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಆ ವಿಷಯದ ಅಂತಿಮ ಪರೀಕ್ಷೆಯಲ್ಲಿ ಸಿ ಪ್ಲಸ್ ಅಥವಾ ಅದಕ್ಕಿಂತ ಮೇಲೆ ಬಂದರೆ ಕೋರ್ಸಿಗೆ ಸೇರದೆಯೇ ಕ್ರೆಡಿಟ್ ಪಡೆಯಲು ಮಿಷಿಗನ್ ಕಾನೂನು ಅವಕಾಶ ಕೊಟ್ಟಿದೆ. ಆ ಅಂಕ ಜಿಪಿಎಗೆ, ಅಂದರೆ ಒಟ್ಟು ಗ್ರೇಡ್ ಸರಾಸರಿಗೆ, ಸೇರುವುದಿಲ್ಲ. ಮೇಲಿನ ಹಂತದ ಕ್ರೆಡಿಟ್ ಹೀಗೆ ಪಡೆದ ಮೇಲೆ ಅದೇ ಸರಣಿಯ ಕೆಳಗಿನ ಹಂತಕ್ಕೆ ಮತ್ತೆ ಕ್ರೆಡಿಟ್ ಸಿಗುವುದೂ ಇಲ್ಲ. ವಿಷಯ ಚೆನ್ನಾಗಿ ಗೊತ್ತಿರುವ ಮಗುವಿಗೆ ಇದು ಅಗ್ಗದ, ನ್ಯಾಯವಾದ ದಾರಿ. ಅರ್ಜಿ ಹಾಕುವ ಕೊನೆಯ ದಿನಾಂಕವನ್ನು ಶಾಲೆಗಳು ಪರೀಕ್ಷೆಗಿಂತ ಬಹಳ ಮೊದಲೇ ಇಡುತ್ತವೆ.

ಭಾಷೆಯ 2 ಕ್ರೆಡಿಟ್ ಬಗ್ಗೆ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕು. ಇಂಗ್ಲಿಷ್ ಅಲ್ಲದ ಭಾಷೆಯನ್ನು ಶಿಶುವಿಹಾರದಿಂದ 12ರವರೆಗೆ ಯಾವಾಗ ಕಲಿತಿದ್ದರೂ, ಅದು ಎರಡು ಕ್ರೆಡಿಟಿಗೆ ಸಮವಾದ ಕಲಿಕೆಯಾಗಿದ್ದರೆ ಕಾನೂನು ಅದನ್ನು ಮಾನ್ಯ ಮಾಡುತ್ತದೆ. ಏಳನೇ ತರಗತಿಯವರೆಗೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕನ್ನಡ ಓದಿ ಬಂದ ಮಗು ಸೊನ್ನೆಯಿಂದ ಆನ್‌ಲೈನ್ ಸ್ಪ್ಯಾನಿಷ್ ಶುರುಮಾಡುವ ಮೊದಲು, ಆ ಕನ್ನಡವನ್ನು ಪರಿಗಣಿಸುತ್ತೀರಾ ಎಂದು ಕೇಳಿ. ಹಳೆಯ ಅಂಕಪಟ್ಟಿಗಳನ್ನು ಜತೆಗೆ ಒಯ್ಯಿರಿ. ಪುರಾವೆಯಾಗಿ ಪರೀಕ್ಷೆ ಬೇಕೆಂದರೆ ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಭಾಷಾ ಪರೀಕ್ಷೆ ಕನ್ನಡಕ್ಕೂ ಇದೆ. ಅದನ್ನು ಒಪ್ಪುತ್ತೀರಾ, ಎಷ್ಟನೇ ಮಟ್ಟ ಬರಬೇಕು ಎಂಬುದನ್ನು ಜಿಲ್ಲೆಯಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮಗು ಸೇರಬಯಸುವ ವಿಶ್ವವಿದ್ಯಾಲಯ ಭಾಷೆಯ ಬಗ್ಗೆ ಏನು ಕೇಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನೂ ಆಗಲೇ ನೋಡಿಕೊಳ್ಳಿ.

ಎರಡನೆಯದು: ಸಿಲೆಬಸ್ ಪೂರ್ತಿ ಓದಿ

ರಾಜ್ಯದ ಆನ್‌ಲೈನ್ ಕೋರ್ಸುಗಳಿಗೆ ಸಾರ್ವಜನಿಕ ಕ್ಯಾಟಲಾಗ್ ಇದೆ. ಮಿಷಿಗನ್ ವರ್ಚುವಲ್ ಸಂಸ್ಥೆಯ ಕೋರ್ಸುಗಳೂ ಬೇರೆ ಜಿಲ್ಲೆಗಳು ತೆರೆದಿಟ್ಟ ಕೋರ್ಸುಗಳೂ ಅದರಲ್ಲಿವೆ. ಪ್ರತಿ ಕೋರ್ಸಿನ ಸಿಲೆಬಸ್‌ನಲ್ಲಿ ಯಾವ ಪೂರ್ವಜ್ಞಾನ ಬೇಕು, ಪರೀಕ್ಷೆಗಳು ಹೇಗೆ, ಯಾವ ಕಂಪ್ಯೂಟರ್ ಬೇಕು, ಶಿಕ್ಷಕರು ಎಷ್ಟು ಹೊತ್ತು ಸಿಗುತ್ತಾರೆ ಎಂಬುದೆಲ್ಲ ಬರೆದಿರಬೇಕು. ಹಿಂದೆ ಎಷ್ಟು ಮಂದಿ ಸೇರಿದರು, ಅವರಲ್ಲಿ ಎಷ್ಟು ಮಂದಿ ಶೇ. 60 ಅಥವಾ ಹೆಚ್ಚು ಅಂಕ ಪಡೆದರು ಎಂಬ ಅಂಕಿಯೂ ಕ್ಯಾಟಲಾಗಿನಲ್ಲಿರಬೇಕು. ಹೆಚ್ಚಿನವರು ನೋಡದೇ ಬಿಡುವ ಸಾಲು ಇದು. ಒಂದೇ ಕೋರ್ಸನ್ನು ಇಬ್ಬರು ಕೊಡುತ್ತಿದ್ದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ತಾಂತ್ರಿಕ ವಿಷಯವೊಂದು: ಶಾಲೆ ಕೊಡುವ ಕ್ರೋಮ್‌ಬುಕ್‌ನಲ್ಲಿ ಎಲ್ಲ ತಂತ್ರಾಂಶ ಓಡುವುದಿಲ್ಲ. ಪ್ರೋಗ್ರಾಮಿಂಗ್, ವಿನ್ಯಾಸ, ಸಂಗೀತದ ಕೋರ್ಸುಗಳಲ್ಲಿ ಮೊದಲ ವಾರವೇ ಈ ತೊಡಕು ಎದುರಾಗುತ್ತದೆ. ಸಿಲೆಬಸ್‌ನಲ್ಲಿ ವಿಂಡೋಸ್ ಅಥವಾ ಮ್ಯಾಕ್ ಎಂದಿದ್ದರೆ ಮನೆಯಲ್ಲಿ ಅದು ಇದೆಯೇ ನೋಡಿ. ಇಲ್ಲವಾದರೆ ಶಾಲೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿ. ಶಾಲೆಯ ಉಪಕರಣಗಳ ಮೇಲೆ ಆನ್‌ಲೈನ್ ಕಲಿಯುವ ಮಗುವಿಗೂ ಉಳಿದವರಷ್ಟೇ ಹಕ್ಕಿದೆ.

ಇಡೀ ವರ್ಷದ ವಿಷಯವಾದರೆ ಅದು ಮೊದಲ ಸೆಮಿಸ್ಟರ್, ಎರಡನೇ ಸೆಮಿಸ್ಟರ್ ಎಂದು ಎರಡು ಪ್ರತ್ಯೇಕ ಕೋರ್ಸಾಗಿರುತ್ತದೆ. ಎರಡಕ್ಕೂ ಬೇರೆ ಬೇರೆ ನೋಂದಣಿ. ಮೊದಲನೆಯದಕ್ಕೆ ಸೇರಿ ಎರಡನೆಯದನ್ನು ಮರೆತವರಿಗೆ ಜನವರಿಯಲ್ಲಿ ಸೀಟು ಸಿಗದೆ ಅರ್ಧ ಕ್ರೆಡಿಟ್ ನೇತಾಡುತ್ತದೆ.

ಮೂರನೆಯದು: ಸಮಯಕ್ಕೆ ಸರಿಯಾಗಿ ಕೇಳಿ

ಶರತ್ಕಾಲದ ವೇಳಾಪಟ್ಟಿಗೆ ಹೆಚ್ಚಿನ ಶಾಲೆಗಳು ಜನವರಿಯಿಂದ ಮಾರ್ಚ್ ಒಳಗೆ ಆಯ್ಕೆ ಕೇಳುತ್ತವೆ. ಆನ್‌ಲೈನ್ ಕೋರ್ಸಿನ ಕೋರಿಕೆಯೂ ಅದೇ ಗಡುವಿನೊಳಗೆ ಹೋಗಬೇಕು. ಆಗಸ್ಟ್ ಕೊನೆಯಲ್ಲಿ ಕೇಳಿದರೆ ನಿರಾಕರಿಸಲು ಕಾನೂನೇ ಜಿಲ್ಲೆಗೆ ಕಾರಣ ಒದಗಿಸಿದೆ. ಹೊಸದಾಗಿ ಜಿಲ್ಲೆಗೆ ಸೇರಿದ ಮಗುವಿಗೆ ಹಿಂದಿನ ಅವಧಿಯಲ್ಲೇ ಕೇಳಿರಬೇಕೆಂಬ ನಿಯಮದಿಂದ ವಿನಾಯಿತಿ ಇದೆ. ಜುಲೈನಲ್ಲಿ ಬೆಂಗಳೂರಿನಿಂದ ಬಂದಿಳಿದ ಕುಟುಂಬ ಧೈರ್ಯವಾಗಿ ಕೇಳಬಹುದು.

ಕೌನ್ಸೆಲರ್‌ಗೆ ಇಮೇಲ್ ಬರೆಯುವಾಗ ಕೋರ್ಸಿನ ಪೂರ್ತಿ ಹೆಸರು, ಕೊಡುವ ಸಂಸ್ಥೆ, ಸೆಮಿಸ್ಟರ್, ಸಿಲೆಬಸ್‌ನ ಕೊಂಡಿ ಹಾಕಿ. ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಕೇಳಿ: ಇದು ಯಾವ ವಿಷಯದ ಕ್ರೆಡಿಟ್ ಆಗುತ್ತದೆ? ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಶಾಲೆಯ ಅಧಿಕೃತ ಅಂಕ ದಾಖಲೆಯಲ್ಲಿ) ಅಕ್ಷರ ಗ್ರೇಡ್ ಬರುತ್ತದೆಯೇ, ಬರೀ ಪಾಸ್ ಎಂದೇ? ಜಿಪಿಎಗೆ ಸೇರುತ್ತದೆಯೇ, ಎಪಿಯಾದರೆ ಹೆಚ್ಚುವರಿ ತೂಕ ಇದೆಯೇ? ಯಾವ ದಿನಾಂಕದವರೆಗೆ ದಂಡವಿಲ್ಲದೆ ಬಿಡಬಹುದು? ಬಾಯಿಮಾತಿನ ‘ಆಗಬಹುದು’ ಸಾಲದು. ಕೌನ್ಸೆಲರ್ ಬದಲಾಗುತ್ತಾರೆ, ಇಮೇಲ್ ಉಳಿಯುತ್ತದೆ.

ನಿರಾಕರಣೆಗೆ ಕಾನೂನು ಒಪ್ಪುವ ಕಾರಣಗಳು ಕೆಲವೇ. ಆ ಕ್ರೆಡಿಟ್ ಮಗುವಿಗೆ ಈಗಾಗಲೇ ಸಿಕ್ಕಿದೆ, ಕೋರ್ಸಿಗೆ ಕ್ರೆಡಿಟ್ ಕೊಡುವ ಅರ್ಹತೆ ಇಲ್ಲ, ಪದವಿಗೆ ಉಳಿದಿರುವ ಅಗತ್ಯಗಳಿಗೂ ಮಗುವಿನ ಮುಂದಿನ ಗುರಿಗೂ ಹೊಂದುವುದಿಲ್ಲ, ಬೇಕಾದ ಪೂರ್ವಜ್ಞಾನ ಇಲ್ಲ, ಇತ್ತೀಚಿನ ಎರಡು ಶೈಕ್ಷಣಿಕ ವರ್ಷಗಳಲ್ಲಿ ಅದೇ ವಿಷಯದ ಆನ್‌ಲೈನ್ ಕೋರ್ಸಿನಲ್ಲಿ ಫೇಲಾಗಿದೆ, ಗುಣಮಟ್ಟ ಸಾಲದು, ಬೆಲೆ ಮಿತಿ ಮೀರಿದೆ ಮತ್ತು ವ್ಯತ್ಯಾಸ ಕಟ್ಟಲು ಮನೆಯವರು ಒಪ್ಪಿಲ್ಲ, ಗಡುವು ದಾಟಿದೆ. ಗುಣಮಟ್ಟದ ಕಾರಣ ಕೊಟ್ಟರೆ ಬೇರೆ ಒಳ್ಳೆಯ ಕೋರ್ಸ್ ಹುಡುಕಲು ನೆರವಾಗುವುದೂ ಜಿಲ್ಲೆಯ ಹೊಣೆ. ‘ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ’ ಎಂಬ ಮಾತು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಕಾರಣ ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿ ಇದೆ. ಅದನ್ನು ಹಾಕುವುದು ಶಾಲಾ ಜಿಲ್ಲೆಗಳ ಮೇಲಿನ ಮಧ್ಯಂತರ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟರಿಗೆ. ನೋವೈ, ಟ್ರಾಯ್ ಕಡೆಯವರಿಗೆ ಅದು ಓಕ್‌ಲೆಂಡ್ ಸ್ಕೂಲ್ಸ್, ಕ್ಯಾಂಟನ್‌ನವರಿಗೆ ವೇಯ್ನ್ ರೀಸಾ, ಆ್ಯನ್ ಆರ್ಬರಿನವರಿಗೆ ವಾಷ್ಟೆನಾ. ಜಿಲ್ಲೆ ಕೊಟ್ಟ ಕಾರಣ ಮತ್ತು ಅದು ಏಕೆ ಒಪ್ಪತಕ್ಕದ್ದಲ್ಲ ಎಂಬ ನಿಮ್ಮ ವಾದ, ಎರಡೂ ಪತ್ರದಲ್ಲಿರಬೇಕು. ಪತ್ರ ತಲುಪಿದ 5 ದಿನದೊಳಗೆ ಅವರು ಉತ್ತರಿಸಬೇಕು. ಒಂದು ಪುಟ ಸಾಕು. ಕೋಪ ಬೇಡ, ಸಿಲೆಬಸ್ ಮತ್ತು ಹಿಂದಿನ ಅಂಕಗಳನ್ನು ಲಗತ್ತಿಸಿ.

ನಾಲ್ಕನೆಯದು: ಯಾರು ಯಾವ ಕೆಲಸಕ್ಕೆ ಎಂದು ತಿಳಿದುಕೊಳ್ಳಿ

ಆನ್‌ಲೈನ್ ಕೋರ್ಸಿನಲ್ಲಿ ಇಬ್ಬರು ದೊಡ್ಡವರು ಇರುತ್ತಾರೆ. ಪಾಠ ಹೇಳಿ ಅಂಕ ಕೊಡುವವರು ಮಿಷಿಗನ್ನಿನ ಪ್ರಮಾಣಪತ್ರ ಪಡೆದ ಶಿಕ್ಷಕರು, ಅವರು ಇನ್ನೊಂದು ಊರಿನಲ್ಲಿರಬಹುದು. ಮಗುವಿನ ಶಾಲೆಯಲ್ಲೇ ಇರುವವರು ಮೆಂಟರ್. ಪ್ರಗತಿ ಗಮನಿಸುವುದು, ಲಾಗಿನ್ ತೊಂದರೆ ಬಗೆಹರಿಸುವುದು, ಶಿಕ್ಷಕರು ಉತ್ತರಿಸದಿದ್ದರೆ ಅವರನ್ನು ಮತ್ತೆ ಮತ್ತೆ ಕೇಳುವುದು ಮೆಂಟರ್ ಕೆಲಸ. ಬೀಜಗಣಿತದ ಲೆಕ್ಕ ಅರ್ಥವಾಗದಿದ್ದರೆ ಶಿಕ್ಷಕರಿಗೆ, ಪರೀಕ್ಷೆಯ ಪುಟ ತೆರೆಯದಿದ್ದರೆ ಮೆಂಟರಿಗೆ ಬರೆಯಬೇಕು. ಬರೆಯಬೇಕಾದ್ದು ಮಗು, ಅಪ್ಪ ಅಮ್ಮ ಅಲ್ಲ. ಅಕ್ಟೋಬರಿನ ಮೊದಲ ಬುಧವಾರ ಮತ್ತು ಫೆಬ್ರವರಿಯ ಎರಡನೇ ಬುಧವಾರ ರಾಜ್ಯದ ವಿದ್ಯಾರ್ಥಿ ಎಣಿಕೆಯ ದಿನಗಳು. ಅವುಗಳ ಆಸುಪಾಸಿನ ವಾರಗಳಲ್ಲಿ ಬರುವ ಸಂದೇಶಗಳಿಗೆ ಮಗು ತಪ್ಪದೆ ಉತ್ತರಿಸಲಿ. ಆ ದಾಖಲೆಯ ಮೇಲೆ ಶಾಲೆಯ ಅನುದಾನ ನಿಂತಿರುತ್ತದೆ.

ಮಗುವಿಗೆ ಐಇಪಿ ಅಥವಾ 504 ಯೋಜನೆ (ಅಂಗವೈಕಲ್ಯ ಇರುವ ಮಕ್ಕಳಿಗೆ ಶಾಲೆ ಬರೆದುಕೊಡುವ ವಿಶೇಷ ನೆರವಿನ ಯೋಜನೆ) ಇದ್ದರೆ, ಉದಾಹರಣೆಗೆ ಪರೀಕ್ಷೆಗೆ ಹೆಚ್ಚುವರಿ ಸಮಯ, ಆ ಕಾಗದ ತಾನಾಗಿ ಆನ್‌ಲೈನ್ ಶಿಕ್ಷಕರಿಗೆ ತಲುಪಿರುತ್ತದೆ ಎಂದು ನಂಬಬೇಡಿ. ಮೊದಲ ವಾರದಲ್ಲೇ ಮೆಂಟರ್ ಮೂಲಕ ಕಳುಹಿಸಿ, ಪರೀಕ್ಷೆಯ ಗಡಿಯಾರದಲ್ಲಿ ಸಮಯ ಹೆಚ್ಚಿಸಿದ್ದಾರೆಯೇ ಎಂದು ಮೊದಲ ಕಿರುಪರೀಕ್ಷೆಗೂ ಮುನ್ನ ಖಚಿತ ಮಾಡಿಕೊಳ್ಳಿ.

ಐದನೆಯದು: ವಾರದ ಲೆಕ್ಕ

ಮಿಷಿಗನ್‌ನ 2020ಕ್ಕೆ ಮುಂಚಿನ ವಾರ್ಷಿಕ ವರದಿಗಳಲ್ಲಿ ರಾಜ್ಯದ ಆನ್‌ಲೈನ್ ಕೋರ್ಸುಗಳ ಒಟ್ಟು ಪಾಸ್ ಪ್ರಮಾಣ ಅರ್ಧಕ್ಕಿಂತ ಸ್ವಲ್ಪವೇ ಮೇಲಿತ್ತು. ಒಂದೆರಡು ಕೋರ್ಸ್ ಮಾತ್ರ ತೆಗೆದುಕೊಂಡವರು ಹೆಚ್ಚು ಕೋರ್ಸ್ ಹೊತ್ತವರಿಗಿಂತ ಚೆನ್ನಾಗಿ ಮಾಡುತ್ತಾರೆ. ಬುದ್ಧಿವಂತ ಮಕ್ಕಳೂ ಸೋಲುವುದು ಹೆಚ್ಚಾಗಿ ಸಮಯದ ಲೆಕ್ಕದಲ್ಲಿ.

18 ವಾರದ ಸೆಮಿಸ್ಟರ್ ಕೋರ್ಸಿಗೆ ವಾರಕ್ಕೆ 5 ಗಂಟೆ ಎಂದಿಟ್ಟುಕೊಂಡರೆ ಒಟ್ಟು 90 ಗಂಟೆ. ಅದೇ ಕೋರ್ಸ್ ಬೇಸಿಗೆಯ 10 ವಾರಕ್ಕೆ ಇಳಿದರೆ ವಾರಕ್ಕೆ 9 ಗಂಟೆ. ಎಪಿ ಆದರೆ ಇನ್ನೂ ಜಾಸ್ತಿ. ಶಾಲೆಯ ವೇಳಾಪಟ್ಟಿಯಲ್ಲಿ ಆ ಗಂಟೆ ಖಾಲಿ ಇದ್ದರೆ ಲೈಬ್ರರಿಯಲ್ಲೇ ಕೂತು ಮಾಡಲಿ. ‘ರಾತ್ರಿ ಮಾಡುತ್ತೇನೆ’ ಎಂದು ಆ ಗಂಟೆಗೆ ಮನೆಗೆ ಬರುವ ಅಭ್ಯಾಸ ಮೂರು ವಾರ ದಾಟಿ ಉಳಿಯುವುದು ಅಪರೂಪ.

ಗ್ರೇಡ್‌ಬುಕ್ ಓದುವ ರೀತಿಯೂ ಮುಖ್ಯ. ಎಷ್ಟೋ ಕೋರ್ಸುಗಳಲ್ಲಿ ಪರದೆಯ ಮೇಲೆ ಕಾಣುವ ಶೇಕಡಾ ಅಂಕ ಇದುವರೆಗೆ ಒಪ್ಪಿಸಿದ ಕೆಲಸದ ಸರಾಸರಿ ಮಾತ್ರ. ನವೆಂಬರ್ ಕೊನೆಯಲ್ಲಿ ಶೇ. 92 ಎಂದು ತೋರಿಸುತ್ತಿರುತ್ತದೆ, ಮನೆಯವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಮಗು ಒಟ್ಟು ಅಂಕಗಳ ಶೇ. 45ರಷ್ಟು ಕೆಲಸವನ್ನಷ್ಟೇ ಒಪ್ಪಿಸಿದ್ದರೆ, ಉಳಿದದ್ದು ಸೊನ್ನೆಯಾಗಿ ಕೊನೆಗೆ ಬರುವುದು ಶೇ. 41. ಆದ್ದರಿಂದ ಪ್ರತಿ ಭಾನುವಾರ ಎರಡು ಸಂಖ್ಯೆ ನೋಡಿ: ಒಪ್ಪಿಸಿದ ಅಂಕ ಎಷ್ಟು, ಇಷ್ಟರಲ್ಲಿ ಒಪ್ಪಿಸಿರಬೇಕಾದ್ದು ಎಷ್ಟು. ಎರಡು ವಾರ ಹಿಂದುಳಿದರೆ ಮೆಂಟರ್ ಜತೆ ಕೂತು ಹೊಸ ದಿನಾಂಕಗಳನ್ನು ಹಾಕಿಸಿ. ನಾಲ್ಕು ವಾರ ಹಿಂದುಳಿದವರು ಮೇಲೆದ್ದು ಬರುವುದು ಕಷ್ಟ. ಬಿಡುವ ಗಡುವು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಮುಗಿಯುವುದರಿಂದ, ಕೋರ್ಸ್ ಹೊಂದುತ್ತದೆಯೇ ಇಲ್ಲವೇ ಎಂಬ ತೀರ್ಮಾನ ಹತ್ತನೇ ದಿನಕ್ಕೆ ಆಗಿರಲಿ.

ಬೇಸಿಗೆಯಲ್ಲಿ ಊರಿಗೆ ಹೋಗುವ ಮನೆಗಳಿಗೆ ಗಡಿಯಾರದ ಎಚ್ಚರಿಕೆ ಬೇಕು. ಮಿಷಿಗನ್‌ನ ರಾತ್ರಿ 11:59 ಎಂದರೆ ಭಾರತದಲ್ಲಿ ಮಾರನೆಯ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಮೇಲ್ವಿಚಾರಣೆಯಲ್ಲಿ ಬರೆಯಬೇಕಾದ ಪರೀಕ್ಷೆ ಇದ್ದರೆ ಅದನ್ನು ದೇಶದ ಹೊರಗಿನಿಂದ ಬರೆಯಬಹುದೇ ಎಂದು ಟಿಕೆಟ್ ಮಾಡಿಸುವ ಮೊದಲೇ ಕೇಳಿ. ಶಾಲೆಯ ಲ್ಯಾಪ್‌ಟಾಪ್ ಹೊರದೇಶಕ್ಕೆ ಒಯ್ಯಲು ಅನುಮತಿ ಇದೆಯೇ ಎಂಬುದನ್ನೂ ಕೇಳಿ. ಮದುವೆ, ಗೃಹಪ್ರವೇಶ, ನೆಂಟರ ಮನೆ ಸುತ್ತಾಟದ ನಡುವೆ ವಾರಕ್ಕೆ 9 ಗಂಟೆ ಸಿಗುವುದು ಸುಲಭವಲ್ಲ. ಐದು ವಾರದ ಪ್ರವಾಸವಿರುವ ಬೇಸಿಗೆಯಲ್ಲಿ ಕೋರ್ಸ್ ಬೇಡ ಎನ್ನುವುದೇ ನಮ್ಮ ಸಲಹೆ.

ಪ್ರಾಮಾಣಿಕತೆಯ ನಿಯಮ

ಎಷ್ಟೋ ಜಿಲ್ಲೆಗಳು ಪ್ರಾಮಾಣಿಕತೆಯ ನಿಯಮಕ್ಕೆ ಮಗುವಿನ ಸಹಿ ಕೇಳುತ್ತವೆ. ನಕಲು ಮಾಡಿದ ಪ್ರಬಂಧ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಉತ್ತರ, ಅಣ್ಣನ ಹಳೆಯ ಅಸೈನ್‌ಮೆಂಟ್ ಎಲ್ಲವೂ ಒಂದೇ ಸಾಲಿಗೆ ಬರುತ್ತವೆ. ಮೊದಲ ಸಲ ಸಾಮಾನ್ಯವಾಗಿ ಆ ಕೆಲಸಕ್ಕೆ ಸೊನ್ನೆ ಮತ್ತು ಶಾಲೆಗೆ ವರದಿ, ಮತ್ತೆ ಮಾಡಿದರೆ ಕೋರ್ಸಿನಿಂದಲೇ ಹೊರಗೆ. ಭಾರತದಿಂದ ವಿಡಿಯೋ ಮೂಲಕ ಟ್ಯೂಷನ್ ಹೇಳಿಸಿಕೊಳ್ಳುವ ಮಕ್ಕಳಿಗೆ ಗೆರೆ ಎಲ್ಲಿದೆ ಎಂದು ಮನೆಯಲ್ಲೇ ಹೇಳಿಕೊಡಿ. ಪರಿಕಲ್ಪನೆ ವಿವರಿಸಿಕೊಳ್ಳುವುದು ಸರಿ. ಅಂಕವಿರುವ ಪ್ರಶ್ನೆಯನ್ನೇ ಪರದೆಯಲ್ಲಿ ತೋರಿಸಿ ಉತ್ತರ ಪಡೆಯುವುದು ತಪ್ಪು, ಟ್ಯೂಷನ್ ಮೇಷ್ಟ್ರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ.

ಎಪಿ ಮತ್ತು ಕ್ರೀಡೆ

ಎಪಿ ಕೋರ್ಸ್ ಆನ್‌ಲೈನಿನಲ್ಲಿ ಓದಿದ ಮಾತ್ರಕ್ಕೆ ಮೇ ತಿಂಗಳ ಪರೀಕ್ಷೆಗೆ ಹೆಸರು ದಾಖಲಾಗುವುದಿಲ್ಲ. ಪರೀಕ್ಷೆ ಬರೆಯುವ ಶಾಲೆಯ ಎಪಿ ಸಂಯೋಜಕರಿಂದ ಪರೀಕ್ಷೆಗಷ್ಟೇ ಮೀಸಲಾದ ಸೇರ್ಪಡೆ ಕೋಡ್ ಪಡೆದು, ನವೆಂಬರ್ ಮಧ್ಯದ ಗಡುವಿನೊಳಗೆ ಪರೀಕ್ಷೆ ಕಾಯ್ದಿರಿಸಬೇಕು. ಸೆಪ್ಟೆಂಬರಿನಲ್ಲೇ ಅವರನ್ನು ಕಾಣಿ. ನಿಮ್ಮ ಶಾಲೆ ಆ ವಿಷಯದ ಪರೀಕ್ಷೆ ನಡೆಸದಿದ್ದರೆ ನಡೆಸುವ ಬೇರೆ ಶಾಲೆ ಹುಡುಕಲು ಆಗ ಸಮಯವಿರುತ್ತದೆ.

ಕಾಲೇಜು ಮಟ್ಟದಲ್ಲಿ ಆಡುವ ಆಸೆಯಿರುವ ಮಕ್ಕಳು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮ ನೋಡಬೇಕು. ಶಿಕ್ಷಕರೇ ಮುಂದಾಗಿ ನಿಯಮಿತವಾಗಿ ಸಂಪರ್ಕಿಸದ, ಮುಗಿಸಲು ನಿಗದಿತ ಅವಧಿಯಿಲ್ಲದ ಕೋರ್ಸುಗಳನ್ನು ಅದು ತನ್ನ 16 ಮುಖ್ಯ ಕೋರ್ಸುಗಳ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಾಲೆ ಒಪ್ಪಿದ್ದನ್ನೆಲ್ಲ ಎನ್‌ಸಿಎಎ ಒಪ್ಪಬೇಕೆಂದಿಲ್ಲ.

ಕೋರ್ಸ್ ಮುಗಿದ ಮೇಲೆ

ಮಿಷಿಗನ್ ವರ್ಚುವಲ್ ಕೊಡುವುದು ಅಂತಿಮ ಅಂಕ ಮಾತ್ರ. ಅದನ್ನು ಅಕ್ಷರ ಗ್ರೇಡಿಗೆ ಬದಲಿಸಿ ಕ್ರೆಡಿಟ್ ನಮೂದಿಸುವುದು ಶಾಲೆಯ ಕೆಲಸ. ಯಶಸ್ವಿಯಾಗಿ ಮುಗಿಸಿದ ಕೋರ್ಸಿಗೆ ಕ್ರೆಡಿಟ್ ಕೊಡಬೇಕು, ಪದವಿಯ ಅರ್ಹತೆಗೆ ಅದನ್ನು ಲೆಕ್ಕ ಹಿಡಿಯಬೇಕು, ಸಿಲೆಬಸ್‌ನಲ್ಲಿದ್ದ ಹೆಸರಿನಿಂದಲೇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರೆಯಬೇಕು ಎಂದು 21ಎಫ್ ಹೇಳುತ್ತದೆ. ಸೆಮಿಸ್ಟರ್ ಮುಗಿದ ಎರಡು ವಾರದಲ್ಲಿ ಟ್ರಾನ್ಸ್‌ಕ್ರಿಪ್ಟ್ ಪ್ರತಿ ತೆಗೆಸಿ ಕೋರ್ಸಿನ ಹೆಸರು, ವಿಷಯ, ಕ್ರೆಡಿಟ್, ಗ್ರೇಡ್ ನಾಲ್ಕನ್ನೂ ಹಳೆಯ ಇಮೇಲ್ ಜತೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅದೇ ಇಮೇಲಿಗೆ ಉತ್ತರವಾಗಿ, ಅಂತಿಮ ಅಂಕದ ವರದಿ ಲಗತ್ತಿಸಿ ಬರೆಯಿರಿ. 12ನೇ ತರಗತಿಯ ಮಕ್ಕಳು ಈ ಕೆಲಸವನ್ನು ಕಾಲೇಜಿಗೆ ಮಧ್ಯವಾರ್ಷಿಕ ವರದಿ ಹೋಗುವುದಕ್ಕೆ ಮುನ್ನವೇ ಮುಗಿಸಬೇಕು.